ಇಂಡಿಯಾನಾದ ಕೊಲಂಬಸ್ ಊರು ಹುಟ್ಟಿದ್ದು ಹೇಗೆ? ಮಗಳ ಪ್ರಾಜೆಕ್ಟ್‌ಗೆ ಬೇಕು, ಹಳಬರು ಹೇಳಿ

ಶಿರಸಿಯವಳು:

ಎಲ್ಲರಿಗೂ ನಮಸ್ಕಾರ. ನಾವು ಇಂಡಿಯಾನಾದ ಕೊಲಂಬಸ್‌ಗೆ ಬಂದು ಎಂಟು ತಿಂಗಳಾಯಿತು. ಒಹಾಯೋದ ದೊಡ್ಡ ಕೊಲಂಬಸ್ ಅಲ್ಲ, ಈ ಚಿಕ್ಕದು. ಊರಲ್ಲಿರುವ ಅಮ್ಮ ಮಾತ್ರ ಇವತ್ತಿಗೂ ಒಹಾಯೋದ ಹವಾಮಾನ ನೋಡಿಕೊಂಡು "ಸ್ವೆಟರ್ ಹಾಕಿದ್ಯಾ?" ಎಂದು ಫೋನ್ ಮಾಡುತ್ತಾಳೆ.

ಮಗಳು ನಾಲ್ಕನೇ ಕ್ಲಾಸು. ಇಲ್ಲಿ ನಾಲ್ಕನೇ ಕ್ಲಾಸಿನಲ್ಲಿ ಇಂಡಿಯಾನಾದ ಇತಿಹಾಸ ಕಲಿಸುತ್ತಾರೆ. "ನಮ್ಮ ಊರು ಹೇಗೆ ಶುರುವಾಯಿತು" ಎಂದು ಐದು ನಿಮಿಷ ಮಾತಾಡಬೇಕಂತೆ, ಜೊತೆಗೆ ಒಂದು ಚಾರ್ಟ್. ನನಗೆ ಗೊತ್ತಿರುವುದು ಇಷ್ಟೇ: ಡೀಸೆಲ್ ಎಂಜಿನ್ ಕಂಪನಿ, ಚಂದದ ಕಟ್ಟಡಗಳು. ಗಂಡನನ್ನು ಕೇಳಿದರೆ "ಕಮಿನ್ಸ್ ಬಂತು, ಊರು ಬಂತು" ಎಂದು ಒಂದೇ ಸಾಲಿನಲ್ಲಿ ಮುಗಿಸಿದರು.

ಪಕ್ಕದ ಮನೆಯ ಅಜ್ಜಿ ಒಂದು ಕಥೆ ಹೇಳಿದರು. ಟಿಪ್ಟನ್ ಎಂಬ ಜನರಲ್ ಈ ಊರು ಕಟ್ಟಿದನಂತೆ. ಅವನ ಹೆಸರನ್ನೇ ಇಟ್ಟು, ಆಮೇಲೆ ತೆಗೆದುಬಿಟ್ಟರಂತೆ. ಅವನು ಸಿಟ್ಟಾಗಿ ಹೊರಟುಹೋಗಿ, ಊರಿಗೆ ಯಾರೂ ಬರದ ಹಾಗೆ ಸುತ್ತಿ ಹೋಗುವ ರಸ್ತೆ ಮಾಡಿಸಿದನಂತೆ. ಮಗಳಿಗೆ ಈ ಕಥೆ ಭಾರೀ ಇಷ್ಟವಾಗಿದೆ. ಇದು ನಿಜವಾ?

ಇನ್ನೊಂದು, ಸುಮ್ನೆ ಕುತೂಹಲಕ್ಕೆ. ಊರಿನ ಹೊರಗೆ ರಸ್ತೆಗಳಿಗೆ "400 ನಾರ್ತ್", "200 ವೆಸ್ಟ್" ಎಂದೆಲ್ಲ ಯಾಕೆ ಹೆಸರು? ಕುಂಬಳಕಾಯಿ ತೋಟ ನೋಡಲು ಹೋಗಿ ಎರಡು ಸಲ ದಾರಿ ತಪ್ಪಿದ್ದೇವೆ.

---

ಹರಿಹರದ ಹಳಬ:

ಶಿರಸಿಯವರೇ, ನಾನು ಈ ಊರಿಗೆ ಬಂದದ್ದು 1994ರಲ್ಲಿ. ಈಗ ನಿವೃತ್ತ. ಕೈಯಲ್ಲಿ ಸಮಯ ಜಾಸ್ತಿ, ಕೇಳುವವರು ಕಡಿಮೆ. ಹಾಗಾಗಿ ಉತ್ತರ ಉದ್ದ ಆಗುತ್ತದೆ, ಬೈಯಬೇಡಿ.

ಮೊದಲು ಟಿಪ್ಟನ್ ಕಥೆ. ಅರ್ಧ ನಿಜ. ಜಾನ್ ಟಿಪ್ಟನ್ ಮತ್ತು ಲ್ಯೂಕ್ ಬೋನ್‌ಸ್ಟೀಲ್ ಎಂಬಿಬ್ಬರು 1820ರಲ್ಲಿ ಇಲ್ಲಿ ಜಮೀನು ಕೊಂಡರು. ಟಿಪ್ಟನ್ ನದಿಗೆ ಎದುರಾಗಿ ಒಂದು ಸಣ್ಣ ದಿಬ್ಬದ ಮೇಲೆ ಮರದ ದಿಮ್ಮಿಗಳ ಮನೆ ಕಟ್ಟಿದ. ಊರಿಗೆ ಟಿಪ್ಟೋನಾ ಎಂದು ಹೆಸರಾಯಿತು. 1821ರ ಮಾರ್ಚ್ 20ರಂದು ಅದನ್ನು ಕೊಲಂಬಸ್ ಎಂದು ಬದಲಾಯಿಸಿದರು. ಟಿಪ್ಟನ್ ಊರು ಬಿಟ್ಟದ್ದೂ ನಿಜ. ಆದರೆ ಹೆಸರು ತೆಗೆದ ಸಿಟ್ಟಿಗೇ ಬಿಟ್ಟ ಎನ್ನುವುದಕ್ಕೆ ಒಂದು ಕಾಗದದ ಚೂರೂ ಇಲ್ಲ. ಮುಂದೆ ಅವನು ರಾಜ್ಯದ ರಸ್ತೆಗಳ ಅಧಿಕಾರಿಯಾದ. ಇಂಡಿಯಾನಾಪೊಲಿಸ್ ಕಡೆಯಿಂದ ಲೂಯಿವಿಲ್ ಕಡೆಗೆ ಹೋಗುವ ರಸ್ತೆಯನ್ನು ಕೊಲಂಬಸ್‌ನ ಪಶ್ಚಿಮಕ್ಕೆ ಬಳಸಿಕೊಂಡು ಹೋಗುವ ಹಾಗೆ ಮಾಡಿಸಿದ ಎನ್ನುತ್ತಾರೆ. ಜಗತ್ತಿನ ಮೊದಲ ಬೈಪಾಸ್ ಇದೇ ಎಂದು ಇಲ್ಲಿನವರು ಜಂಬ ಕೊಚ್ಚಿಕೊಳ್ಳುತ್ತಾರೆ. ನನ್ನ ಕೇಳಿದರೆ, ಆಗ ಇಲ್ಲಿದ್ದದ್ದು ಬೆರಳೆಣಿಕೆಯ ಮನೆ, ಸುತ್ತ ಜವುಗು. ರಸ್ತೆ ಹಾಕುವವನು ಒಣ ನೆಲ ಹುಡುಕಿಕೊಂಡು ಹೋದದ್ದರಲ್ಲಿ ಸೇಡೇನು ಬಂತು?

ನನಗೆ ಈ ಕಥೆ ಹಿಡಿಸುವುದಿಲ್ಲ. ಯಾಕೆಂದರೆ ಟಿಪ್ಟನ್ ಮುನಿಸಿಕೊಂಡ ಮುದುಕಪ್ಪನ ಹಾಗೆ ಮುದ್ದಾಗಿ ಕಾಣುತ್ತಾನೆ. ಅವನು ನಿಜವಾಗಿ ಮಾಡಿದ್ದನ್ನು ಯಾರೂ ಹೇಳುವುದಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಅದಕ್ಕೂ ಹಿಂದಿನದು ಬೇಕು. 1820ರಲ್ಲಿ ಈ ಜಮೀನು ಮಾರಾಟಕ್ಕೆ ಬಂದದ್ದು ಹೇಗೆ? ಯಾರದ್ದಾಗಿತ್ತು? ಇಂಡಿಯಾನಾ ರಾಜ್ಯವಾದದ್ದು 1816ರಲ್ಲಿ. ಆಗ ಬಿಳಿಯರು ಇದ್ದದ್ದು ಬಹುಪಾಲು ದಕ್ಷಿಣದ ಅಂಚಿನಲ್ಲಿ, ಒಹಾಯೋ ನದಿಯ ಕಡೆ. ರಾಜಧಾನಿಯೂ ಅಲ್ಲೇ, ಕೋರಿಡಾನ್ ಎಂಬ ಊರು. ರಾಜ್ಯದ ನಡುಭಾಗ ಲೆನಾಪೆ ಮತ್ತು ಮಯಾಮಿ ಜನರದ್ದು. ಲೆನಾಪೆಯವರನ್ನು ಇಂಗ್ಲಿಷಿನವರು ಡೆಲವೇರ್ ಎಂದು ಕರೆಯುತ್ತಿದ್ದರು. ಅವರ ಮೂಲ ನೆಲ ಪೂರ್ವದ ಸಮುದ್ರ ತೀರ. ಅಲ್ಲಿಂದ ತಳ್ಳಿಸಿಕೊಂಡು, ಒಹಾಯೋದಿಂದಲೂ ತಳ್ಳಿಸಿಕೊಂಡು ವೈಟ್ ನದಿಯ ಬದಿಗೆ ಬಂದು ನೆಲೆಸಿದ್ದರು. 1818ರ ಅಕ್ಟೋಬರ್‌ನಲ್ಲಿ ಒಹಾಯೋದ ಸೇಂಟ್ ಮೇರೀಸ್ ಎಂಬಲ್ಲಿ ಒಪ್ಪಂದವಾಯಿತು. ಲೆನಾಪೆಯವರು ಇಂಡಿಯಾನಾದ ಜಮೀನು ಪೂರ್ತಿ ಬಿಟ್ಟು ಮಿಸಿಸಿಪ್ಪಿಯ ಆಚೆ ಹೋಗಬೇಕು. ಮೂರು ವರ್ಷ ಗಡುವು. ಬಂದವರು ಆ ನೆಲಕ್ಕೆ ಇಟ್ಟ ಹೆಸರು "ಹೊಸ ಖರೀದಿ".

ಗಡುವು 1821ಕ್ಕೆ ಮುಗಿಯುತ್ತದೆ. ಊರಿಗೆ ಹೆಸರಿಟ್ಟದ್ದೂ 1821. ಈ ಎರಡು ಇಸವಿಗಳನ್ನು ಚಾರ್ಟ್‌ನಲ್ಲಿ ಅಕ್ಕಪಕ್ಕ ಬರೆಯಲಿ ನಿಮ್ಮ ಮಗಳು. ಬೇರೆ ವಿವರಣೆಯೇ ಬೇಕಾಗುವುದಿಲ್ಲ.

ಟಿಪ್ಟನ್‌ಗೆ ಈ ಜಾಗ ಗೊತ್ತಾದದ್ದರಲ್ಲಿ ಆಶ್ಚರ್ಯವಿಲ್ಲ. ಅವನು ಕೋರಿಡಾನ್ ಇರುವ ಹ್ಯಾರಿಸನ್ ಕೌಂಟಿಯ ಶೆರೀಫ್. 1820ರಲ್ಲಿ ಹೊಸ ರಾಜಧಾನಿಗೆ ಜಾಗ ಹುಡುಕಲು ಹತ್ತು ಜನರನ್ನು ನೇಮಿಸಿದರು, ಅವರಲ್ಲಿ ಇವನೂ ಒಬ್ಬ. ಅವರು ಆರಿಸಿದ ಜಾಗವೇ ಈಗಿನ ಇಂಡಿಯಾನಾಪೊಲಿಸ್. ಅದೇ ವರ್ಷ ಸ್ವಂತಕ್ಕೂ ಒಂದು ಜಾಗ ಹಿಡಿದ. ರಾಜಧಾನಿ ಎಲ್ಲಿ ಬರುತ್ತದೆ ಎಂದು ಮೊದಲೇ ಗೊತ್ತಿದ್ದವನು ಅದಕ್ಕೆ ಹೋಗುವ ದಾರಿಯಲ್ಲಿ ಜಮೀನು ಕೊಳ್ಳುವುದು! ದೇವನಹಳ್ಳಿಯ ವಿಮಾನ ನಿಲ್ದಾಣ ನೋಡಿದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

1820ರಲ್ಲಿ ಇನ್ನೊಂದು ಸಂಗತಿಯೂ ನಡೆಯಿತು. ಅಮೆರಿಕದ ಸರ್ಕಾರ ಜಮೀನಿನ ಬೆಲೆ ಇಳಿಸಿತು. ಅದುವರೆಗೆ ಎಕರೆಗೆ ಎರಡು ಡಾಲರ್, ಕನಿಷ್ಠ 160 ಎಕರೆ, ಸಾಲಕ್ಕೆ ಸಿಗುತ್ತಿತ್ತು. ಸಾಲ ತೀರಿಸಲಾಗದೆ ಜನ ಮುಳುಗಿದರು. ಹೊಸ ಕಾನೂನಿನಲ್ಲಿ ಎಕರೆಗೆ ಒಂದೂಕಾಲು ಡಾಲರ್, 80 ಎಕರೆಯೂ ಸಾಕು, ಆದರೆ ಪೂರ್ತಿ ನಗದು. ಲೆಕ್ಕ ಹಾಕಿ: ಕೈಯಲ್ಲಿ ನೂರು ಡಾಲರ್ ಇದ್ದರೆ ಹೊಲ ನಿಮ್ಮದು. ಕೆಂಟಕಿಯ ಕಡೆಯಿಂದ ಜನ ಯಾಕೆ ನುಗ್ಗಿದರು ಎನ್ನುವುದಕ್ಕೆ ಇಷ್ಟು ಸಾಕು.

ಇನ್ನು ನೀವು ದಾರಿ ತಪ್ಪಿದ ವಿಷಯ. ಇದು 1785ರ ಕಾನೂನಿನ ಫಲ. ಯಾರೂ ಬಂದು ನೆಲೆಸುವ ಮೊದಲೇ ನೆಲದ ಮೇಲೆ ಚೌಕುಳಿ ಗೆರೆ ಎಳೆದರು, ಚೌಕಾಬಾರ ಮನೆಯ ಹಾಗೆ. ಆರು ಮೈಲಿ ಉದ್ದ, ಆರು ಮೈಲಿ ಅಗಲದ್ದು ಒಂದು ಟೌನ್‌ಶಿಪ್. ಅದರೊಳಗೆ ಒಂದೊಂದು ಚದರ ಮೈಲಿಯ 36 ತುಂಡು. ಒಂದು ತುಂಡಿಗೆ 640 ಎಕರೆ. 16ನೇ ತುಂಡು ಶಾಲೆಗೆ ಮೀಸಲು. ಆಮೇಲೆ ರಸ್ತೆಗಳು ಬಹುಪಾಲು ಆ ಗೆರೆಗಳ ಮೇಲೇ ಬಂದವು. "400 ನಾರ್ತ್" ಎಂದರೆ ಕೌಂಟಿಯ ನಡುಗೆರೆಯಿಂದ ನಾಲ್ಕು ಮೈಲಿ ಉತ್ತರಕ್ಕಿರುವ ರಸ್ತೆ. 450 ಆದರೆ ನಾಲ್ಕೂವರೆ ಮೈಲಿ. ನೂರರಿಂದ ಭಾಗಿಸಿಕೊಳ್ಳಿ, ಅಷ್ಟೇ. ಫೋನ್ ಸತ್ತರೂ ಮನೆ ಸೇರಬಹುದು. ನಮ್ಮ ಕಡೆ ದಾರಿ ಹುಟ್ಟಿದ್ದು ಎತ್ತಿನ ಗಾಡಿ ಹೋದ ಕಡೆ. ಇಲ್ಲಿ ದಾರಿ ಹುಟ್ಟಿದ್ದು ಅಳತೆ ಸರಪಳಿ ಎಳೆದ ಕಡೆ.

ಊಟದ ಹೊತ್ತಾಯಿತು. ಉಳಿದದ್ದು ಸಂಜೆ.

---

ಜೋಳದರೊಟ್ಟಿ:

ಹಳಬರು ಊಟ ಮುಗಿಸಿ ಬರುವಷ್ಟರಲ್ಲಿ ನಾನೊಂದು ಹೇಳಿಬಿಡುತ್ತೇನೆ. ಬೆಳಗಾವಿಯವನು, ಇಲ್ಲಿ ಹನ್ನೊಂದು ವರ್ಷ.

ಈ ಸೀಮೆಯಲ್ಲಿ ಇಂಥ ಊರುಗಳು ಲೆಕ್ಕವಿಲ್ಲದಷ್ಟಿವೆ. ಒಂದು ಕೋರ್ಟು ಕಟ್ಟಡ, ಒಂದು ರೈಲು ಹಳಿ, ಒಂದು ಜೋಳದ ಕಣಜ. ಅರ್ಧದಷ್ಟು ಸೊರಗಿಹೋಗಿವೆ. ಕೊಲಂಬಸ್ ಉಳಿದದ್ದು ಒಂದು ಮನೆತನದಿಂದ. ಶಿರಸಿಯವರ ಯಜಮಾನರು ಹೇಳಿದ್ದೇ ಸರಿ.

ಜೋಸೆಫ್ ಅರ್ವಿನ್ ಎಂಬ ಹುಡುಗ 1846ರಲ್ಲಿ ಊರಿಗೆ ಬಂದ. ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ, 1850ರಲ್ಲಿ ಸ್ವಂತ ಅಂಗಡಿ ಇಟ್ಟ. ಅಂಗಡಿಯಲ್ಲಿ ಒಂದು ತಿಜೋರಿ ಇತ್ತು. ರೈತರು "ನಮ್ಮ ದುಡ್ಡೂ ಅದರಲ್ಲಿ ಇಟ್ಟುಕೊಳ್ಳಪ್ಪ" ಎಂದು ಕೊಡತೊಡಗಿದರು. 1871ರಲ್ಲಿ ಅದೇ ಬ್ಯಾಂಕ್ ಆಯಿತು. ಅವನ ಮಗ ವಿಲಿಯಂ ಅರ್ವಿನ್. ಆ ಮನೆಯ ಕಾರು ಓಡಿಸುತ್ತಿದ್ದವನು, ರಿಪೇರಿ ಮಾಡುತ್ತಿದ್ದವನು ಕ್ಲೆಸ್ಸಿ ಕಮಿನ್ಸ್. ಓದಿದ್ದು ಎಂಟನೇ ಕ್ಲಾಸು. 1919ರಲ್ಲಿ ಎಂಜಿನ್ ಕಂಪನಿ ಶುರು ಮಾಡಿದ, ಅರ್ವಿನ್ ದುಡ್ಡು ಹಾಕಿದ. ಲಾಭ ಕಂಡದ್ದು 1937ರಲ್ಲಿ! ಹದಿನೆಂಟು ವರ್ಷ! ಯಾವ ಬ್ಯಾಂಕಿನವರು ಅಷ್ಟು ಕಾಯುತ್ತಾರೆ ಹೇಳಿ?

1929ರ ಕ್ರಿಸ್‌ಮಸ್ ದಿನ ಕ್ಲೆಸ್ಸಿ ಒಂದು ಹಳೇ ಪ್ಯಾಕಾರ್ಡ್ ಕಾರಿಗೆ ಡೀಸೆಲ್ ಎಂಜಿನ್ ಕೂರಿಸಿ, ವಿಲಿಯಂ ಅರ್ವಿನ್‌ರನ್ನು ಸುತ್ತಾಡಿಸಿ ತಂದ. ಎರಡು ತಿಂಗಳ ಹಿಂದಷ್ಟೇ ಷೇರು ಪೇಟೆ ಕುಸಿದಿತ್ತು. ಆದರೂ ಮುದುಕರು ಮತ್ತೆ ದುಡ್ಡು ಬಿಚ್ಚಿದರು. ನಿಮ್ಮ ಮಗಳ ಚಾರ್ಟ್‌ಗೆ ಇದಕ್ಕಿಂತ ಒಳ್ಳೇ ಚಿತ್ರ ಬೇಕಾ?

ಆಮೇಲೆ ಅವರ ತಂಗಿಯ ಮೊಮ್ಮಗನೋ ಅಕ್ಕನ ಮೊಮ್ಮಗನೋ, ಅರ್ವಿನ್ ಮಿಲ್ಲರ್ ಬಂದರು. ಯುದ್ಧ ಮುಗಿದ ಮೇಲೆ ಮಕ್ಕಳು ಜಾಸ್ತಿಯಾಗಿ ಶಾಲೆಗಳು ಸಾಲಲಿಲ್ಲ. "ನಾವು ಹೇಳುವ ಪಟ್ಟಿಯಿಂದ ಒಳ್ಳೇ ವಾಸ್ತುಶಿಲ್ಪಿಯನ್ನು ಆರಿಸಿ, ಅವರ ಫೀಸು ನಮ್ಮ ಪ್ರತಿಷ್ಠಾನ ಕೊಡುತ್ತದೆ" ಎಂದರು. ಹಾಗೆ ಬಂದ ಮೊದಲ ಶಾಲೆ 1957ರದ್ದು, ಹ್ಯಾರಿ ವೀಸ್ ಅವರ ನಕ್ಷೆ. ಅದಕ್ಕೂ ಮೊದಲೇ ಎಲಿಯೆಲ್ ಸಾರಿನೆನ್ ಅವರ ಚರ್ಚು 1942ರಲ್ಲಿ, ಮಗ ಈರೊ ಸಾರಿನೆನ್ ಅವರ ಗಾಜಿನ ಬ್ಯಾಂಕು 1954ರಲ್ಲಿ ಬಂದಿದ್ದವು. ಐ. ಎಂ. ಪೇ ಅವರ ಲೈಬ್ರರಿ 1969. ಐವತ್ತು ಸಾವಿರ ಜನರ ಊರಿಗೆ ಇದೆಲ್ಲ ಹೇಗೆ ಬಂತು? ಮನೆತನ ಕಾರಣ, ಇನ್ನೇನು.

---

ಹರಿಹರದ ಹಳಬ:

ಬೆಳಗಾವಿಯವರೇ, ಒಂದು ಊಟ ಮಾಡಿ ಬರುವಷ್ಟರಲ್ಲಿ ನೂರು ವರ್ಷ ಹಾರಿಸಿಬಿಟ್ಟಿರಿ!

ಮನೆತನದ ಮಾತು ತಪ್ಪಲ್ಲ. ಆದರೆ ಕೇಳಿದ್ದು ಊರು ಹುಟ್ಟಿದ ಬಗೆ. ಜೋಸೆಫ್ ಅರ್ವಿನ್ 1846ರಲ್ಲಿ ಈ ಊರಿಗೇ ಯಾಕೆ ಬಂದ? ಅಂಗಡಿಗೆ ಗಿರಾಕಿ ಎಲ್ಲಿಂದ ಬಂದರು? ಅದನ್ನು ಹೇಳದೆ ತಿಜೋರಿ ಹೇಳಿದರೆ, ಬಾವಿ ತೋಡದೆ ಕೊಡ ತಂದ ಹಾಗೆ.

ಮೊದಲು ನೆಲ ಹೇಗಿತ್ತು ಕೇಳಿ. ಮಿಡ್‌ವೆಸ್ಟ್ ಎಂದರೆ ಹುಲ್ಲಿನ ಬಯಲು ಎಂದುಕೊಂಡು ಬಂದವನು ನಾನು. ಇಲ್ಲಿ ಹಾಗಿರಲಿಲ್ಲ. ದಟ್ಟ ಕಾಡು. ಬೀಚ್, ಮೇಪಲ್, ವಾಲ್‌ನಟ್ ಮರಗಳು. ಬಂದವರು ಮರ ಕಡಿದು ಮುಗಿಸಲಾಗದೆ, ಬುಡದ ಸುತ್ತ ತೊಗಟೆ ಕೆತ್ತಿ ನಿಂತಲ್ಲೇ ಒಣಗಿಸುತ್ತಿದ್ದರು. ಒಣಗಿದ ಮರಗಳ ನಡುವೆಯೇ ಮೆಕ್ಕೆಜೋಳ ಬಿತ್ತುತ್ತಿದ್ದರು.

ಕಾಡಿನ ಕೆಳಗೆ ಜವುಗು. ಫ್ಲ್ಯಾಟ್‌ರಾಕ್ ಮತ್ತು ಡ್ರಿಫ್ಟ್‌ವುಡ್ ಎಂಬ ಎರಡು ನದಿಗಳು ಇಲ್ಲಿ ಸೇರಿ ವೈಟ್ ನದಿಯ ಪೂರ್ವ ಕವಲಾಗುತ್ತವೆ. ಪಕ್ಕದಲ್ಲಿ ಹಾ ಕ್ರೀಕ್ ಎಂಬ ಹಳ್ಳ ಬೇರೆ. ಶರಾವತಿ, ಅಘನಾಶಿನಿ ನೋಡಿದ ನಿಮಗೆ ಇವು ನದಿ ಎನಿಸಲಿಕ್ಕಿಲ್ಲ. ಆದರೆ ನಂಬಬೇಡಿ. 2008ರ ಜೂನ್ 7ರಂದು ಆ ಹಳ್ಳ ಉಕ್ಕಿ ಆಸ್ಪತ್ರೆಯನ್ನೇ ಖಾಲಿ ಮಾಡಿಸಬೇಕಾಯಿತು. ನಮ್ಮ ಮನೆಯ ನೆಲಮಾಳಿಗೆಯಲ್ಲಿ ಮಂಡಿಯುದ್ದ ನೀರು. ಹರಿಹರದಿಂದ ತಂದಿದ್ದ ಮದುವೆ ಆಲ್ಬಂ ಹೋದದ್ದು ಆಗಲೇ. ಹೆಂಡತಿ ಇನ್ನೂ ಕ್ಷಮಿಸಿಲ್ಲ. ಅದನ್ನು ಕೆಳಗೆ ಇಟ್ಟವನು ನಾನೇ.

ಜವುಗು ಎಂದರೆ ಸೊಳ್ಳೆ, ಸೊಳ್ಳೆ ಎಂದರೆ ಚಳಿಜ್ವರ. ನಿಮ್ಮ ಮಲೆನಾಡಿನ ಅಜ್ಜಿಯರನ್ನು ಕೇಳಿ, ಒಂದು ದಿನ ನಡುಕ, ಒಂದು ದಿನ ಬಿಡುವು. ಆ ಕಾಲದ ಇಂಡಿಯಾನಾದಲ್ಲಿ ಅದು ಮನೆಮನೆಯ ಮಾತಾಗಿತ್ತು. ಸೊಳ್ಳೆಯ ಮೇಲೆ ಯಾರಿಗೂ ಅನುಮಾನವಿರಲಿಲ್ಲ, ಜವುಗಿನ ಕೆಟ್ಟ ಗಾಳಿಯಿಂದ ಬರುತ್ತದೆ ಎಂದು ನಂಬಿದ್ದರು. ಹೊಲಗಳ ಅಡಿಗೆ ಸುಟ್ಟ ಮಣ್ಣಿನ ಕೊಳವೆ ಹೂತು ನೀರು ಬಸಿದ ಮೇಲೆಯೇ ಈ ನೆಲ ನಿಜವಾಗಿ ಫಲ ಕೊಟ್ಟದ್ದು.

ಇಂಥ ಜಾಗದಲ್ಲಿ ಊರು ಯಾಕೆ? ನದಿ ದಾಟಬೇಕಿತ್ತು. ಎರಡು ನದಿ ಸೇರಿದ ಮೇಲೆ ಕೆಳಗಡೆ ದಾಟಿದರೆ ಒಂದೇ ದಾಟು, ಮೇಲುಗಡೆ ಆದರೆ ಎರಡು. ಅಷ್ಟೇ ಲೆಕ್ಕ. ಸಂಗಮದ ಕೆಳಗೆ ದೋಣಿಗಟ್ಟೆ ಬಂತು. ಗಟ್ಟೆಯ ಬಳಿ ಮೂರೋ ನಾಲ್ಕೋ ದಿಮ್ಮಿ ಮನೆ. 1821ರಲ್ಲಿ ಒಂದು ಅಂಗಡಿ. ಅದೇ ವರ್ಷ ಬಾರ್ಥೊಲೊಮ್ಯೂ ಕೌಂಟಿ ರಚನೆಯಾಯಿತು. ಜೋಸೆಫ್ ಬಾರ್ಥೊಲೊಮ್ಯೂ ಎಂಬ ದಂಡಿನ ಜನರಲ್‌ನ ಹೆಸರು ಅದು. ಕೊಲಂಬಸ್ ಅದರ ಕೇಂದ್ರವಾಯಿತು. ನಮ್ಮಲ್ಲಿ ತಾಲ್ಲೂಕು ಕಚೇರಿ ಬಂದ ಊರಿಗೆ ಏನಾಗುತ್ತದೆ? ಹೋಟೆಲು, ಬಾಂಡ್ ಬರೆಯುವವರು, ವಕೀಲರು, ಸಂತೆ. ಇಲ್ಲೂ ಅದೇ. ಜಮೀನಿನ ಪತ್ರ ನೋಂದಾಯಿಸಲು, ತಕರಾರು ಬಗೆಹರಿಸಲು ಎಲ್ಲರೂ ಬರಲೇಬೇಕು. ಈಗಿರುವ ಗಡಿಯಾರ ಗೋಪುರದ ಕೋರ್ಟು 1874ರದ್ದು.

ಆದರೂ ಊರು ಇಪ್ಪತ್ತು ವರ್ಷ ಕುಂಟಿತು. ಬೆಳೆದ ಜೋಳ ಎಲ್ಲಿಗೆ ಸಾಗಿಸುವುದು? ಕೆಸರು ರಸ್ತೆಯಲ್ಲಿ ಗಾಡಿ ಹೋಗದು. ಹಾಗಾಗಿ ಜೋಳವನ್ನು ಹಂದಿಗೆ ತಿನ್ನಿಸಿ, ಹಂದಿಯನ್ನೇ ನಡೆಸಿಕೊಂಡು ಒಹಾಯೋ ನದಿಯ ಪೇಟೆಗಳಿಗೆ ಹೊಡೆಯುತ್ತಿದ್ದರು. ಜೋಳಕ್ಕೆ ಕಾಲು ಬರಿಸಿದ ಹಾಗೆ! ನಾಲ್ಕನೇ ಕ್ಲಾಸಿನವರಿಗೆ ಇದನ್ನು ಹೇಳಿದರೆ ಟಿಪ್ಟನ್‌ನನ್ನು ಮರೆಯುತ್ತಾರೆ.

1836ರಲ್ಲಿ ರಾಜ್ಯದವರಿಗೆ ಹುಚ್ಚು ಹಿಡಿಯಿತು. ಕಾಲುವೆ, ರಸ್ತೆ, ರೈಲು ಎಲ್ಲವನ್ನೂ ಒಟ್ಟಿಗೆ ಕಟ್ಟಲು ಸಾಲ ಎತ್ತಿದರು. ಮೂರ್ನಾಲ್ಕು ವರ್ಷದಲ್ಲಿ ಖಜಾನೆ ಬರಿದು. ಆ ಹುಚ್ಚಿನಲ್ಲಿ ಉಳಿದ ಒಳ್ಳೆಯದೆಂದರೆ ಒಹಾಯೋ ನದಿಯ ಮೇಲಿನ ಮ್ಯಾಡಿಸನ್‌ನಿಂದ ಉತ್ತರಕ್ಕೆ ಹೊರಟ ರೈಲು ಹಳಿ. ಮ್ಯಾಡಿಸನ್ ಬಿಡುತ್ತಿದ್ದ ಹಾಗೆ ಗುಡ್ಡ. ಅಲ್ಲಿನ ಏರು ನೂರಕ್ಕೆ ಆರರ ಹತ್ತಿರ. ಎಂಜಿನ್‌ಗಳಿಗೆ ಹತ್ತಲಾಗದೆ ಮೊದಮೊದಲು ಕುದುರೆಗಳಿಂದ ಡಬ್ಬಿ ಎಳೆಸಿದರು. ಅರ್ಧ ಕಟ್ಟಿ ಕೈಚೆಲ್ಲಿದ್ದನ್ನು 1843ರಲ್ಲಿ ಖಾಸಗಿಯವರು ವಹಿಸಿಕೊಂಡರು. 1844ರಲ್ಲಿ ರೈಲು ಕೊಲಂಬಸ್ ಮುಟ್ಟಿತು. ಇಂಡಿಯಾನಾಪೊಲಿಸ್ ಮುಟ್ಟಿದ್ದು 1847ರ ಅಕ್ಟೋಬರ್‌ನಲ್ಲಿ.

ಅಂದರೆ ಈ ನಡುವಿನ ಮೂರು ವರ್ಷ ರೈಲಿನ ಬಾಲ ನಮ್ಮ ಊರ ಕಡೆ. ರಾಜಧಾನಿಗೇ ರೈಲಿಲ್ಲದಾಗ ಇಲ್ಲಿತ್ತು! ಸುತ್ತಲಿನ ಜೋಳ, ಹಂದಿ, ಮರ ಎಲ್ಲ ಇತ್ತ ಹರಿಯಿತು. ಜೋಸೆಫ್ ಅರ್ವಿನ್ ಬಂದದ್ದು 1846ರಲ್ಲಿ. ಬೆಳಗಾವಿಯವರೇ, ಇಸವಿ ನೋಡಿ. ಜಾಣ ಹುಡುಗ, ದುಡ್ಡು ಎಲ್ಲಿ ಇಳಿಯುತ್ತಿದೆ ಎಂದು ನೋಡಿಯೇ ಇಳಿದದ್ದು ಎಂದು ನನ್ನ ಊಹೆ.

ಆಮೇಲಿನದು ಬೇಗ ಹೇಳುತ್ತೇನೆ. 1864ರಲ್ಲಿ ಊರಿಗೆ ಪುರಸಭೆಯ ಮಾನ್ಯತೆ ಸಿಕ್ಕಿತು. ಚರ್ಮ ಹದ ಮಾಡುವ ಕಾರ್ಖಾನೆ, ಹಿಟ್ಟಿನ ಗಿರಣಿ ಬಂದವು. ಒಂದು ಗಿರಣಿಯಲ್ಲಿ ಸೀರಿಯಲೈನ್ ಎಂಬ ಪದಾರ್ಥ ಮಾಡತೊಡಗಿದರು. ಮೆಕ್ಕೆಜೋಳವನ್ನು ತೆಳ್ಳಗೆ ಒತ್ತಿದ್ದು, ಅಂದರೆ ಜೋಳದ ಅವಲಕ್ಕಿ! ಕೆಲಾಗ್‌ನವರ ಕಾರ್ನ್‌ಫ್ಲೇಕ್ಸ್‌ಗೂ ಮೊದಲಿನದು. ಬಿಯರ್ ಮಾಡುವವರೂ ಕೊಳ್ಳುತ್ತಿದ್ದರು. 1892ರಲ್ಲಿ ತಯಾರಿ ಇಂಡಿಯಾನಾಪೊಲಿಸ್‌ಗೆ ಹೋಯಿತು. ಗಿರಣಿಯ ಇಟ್ಟಿಗೆ ಕಟ್ಟಡ ಮಾತ್ರ ಇನ್ನೂ ಇದೆ. ಕಮಿನ್ಸ್ ಮುಖ್ಯ ಕಚೇರಿ ಕಟ್ಟಿದಾಗ ಅದನ್ನು ಕೆಡವದೆ ಒಳಗೆ ಸೇರಿಸಿಕೊಂಡರು. ನಿಮ್ಮ ಯಜಮಾನರಿಗೆ ಹೇಳಿ, ಆ ಕಟ್ಟಡದಲ್ಲಿ ಒಂದು ಕಾಲಕ್ಕೆ ಅವಲಕ್ಕಿ ಒತ್ತುತ್ತಿದ್ದರು ಎಂದು.

ಹೊಲದ ಕೆಲಸಕ್ಕೆ ಯಂತ್ರ ಬೇಕಾಯಿತು. ರೀವ್ಸ್ ಮನೆತನದವರು ಒಕ್ಕುವ ಯಂತ್ರ, ಹಬೆ ಟ್ರ್ಯಾಕ್ಟರ್ ಮಾಡಿದರು. ಅವರಲ್ಲಿ ಮಿಲ್ಟನ್ ರೀವ್ಸ್ ಎಂಬ ತಲೆಹರಟೆ ಜಾಣ 1911ರಲ್ಲಿ ಎಂಟು ಚಕ್ರದ ಕಾರು ಮಾಡಿದ. ಒಬ್ಬರೂ ಕೊಳ್ಳಲಿಲ್ಲ. ಚಿತ್ರ ಹುಡುಕಿ ನೋಡಿ, ರೈಲು ಬೋಗಿಗೂ ಮಂಚಕ್ಕೂ ಮದುವೆ ಮಾಡಿದ ಹಾಗಿದೆ. ಆದರೆ ಇಂಥವರಿಂದ ಊರಿನಲ್ಲಿ ಲೇತ್ ಹಿಡಿಯಬಲ್ಲ ಕೈಗಳು ಹುಟ್ಟಿದವು. ಕ್ಲೆಸ್ಸಿಗೆ ಎಂಜಿನ್ ಮಾಡಲು ಬೇರೆ ಊರಿಂದ ಜನ ಕರೆಸಬೇಕಾಗಲಿಲ್ಲ.

ಇದು ನನಗೆ ಯಾಕೆ ಮುಖ್ಯ ಎಂದರೆ, ನನ್ನಪ್ಪ ಹರಿಹರದ ಕಿರ್ಲೋಸ್ಕರ್‌ನಲ್ಲಿ ಟರ್ನರ್. ಅಲ್ಲಿ ಲೇತ್ ಮಾಡಲು ಶುರುವಾದದ್ದು 1941ರ ಸುಮಾರಿಗೆ. ತುಂಗಭದ್ರೆ, ರೈಲು, ಆಮೇಲೆ ಕಾರ್ಖಾನೆ. ಮನೆಯಲ್ಲಿ ಅಪ್ಪ ಹೋಳಿಗೆಯ ದಪ್ಪವನ್ನೂ ಮಿಲಿಮೀಟರಿನಲ್ಲೇ ಹೇಳುತ್ತಿದ್ದ. ಇಲ್ಲಿಗೆ ಬಂದ ಹೊಸತರಲ್ಲಿ ಒಬ್ಬ ಮುದುಕ ಯಂತ್ರಗಾರ ಬೆರಳಿನಿಂದ ಲೋಹ ಸವರಿ "ಇನ್ನೂ ಒಂದು ಕೂದಲಷ್ಟು ತೆಗೆಯಬೇಕು" ಎಂದದ್ದು ಕೇಳಿ ನನಗೆ ಊರು ನೆನಪಾಗಿ ಕಣ್ಣು ಒದ್ದೆಯಾಯಿತು.

ಈಗ ಟಿಪ್ಟನ್. ಮುಂದೆ ಅವನು ಸೆನೆಟರ್ ಆದ. 1838ರಲ್ಲಿ ರಾಜ್ಯದ ಉತ್ತರ ಭಾಗದ ಟ್ವಿನ್ ಲೇಕ್ಸ್ ಎಂಬಲ್ಲಿ ಪೊಟವಾಟಮಿ ಜನ ಉಳಿದಿದ್ದರು. ಅವರ ಮುಖಂಡ ಮೆನೊಮಿನಿ ಜಾಗ ಬಿಡಲು ಒಪ್ಪಿರಲಿಲ್ಲ. ಗವರ್ನರ್ ಹೇಳಿದ ಮೇಲೆ ಟಿಪ್ಟನ್ ದಂಡು ಕಟ್ಟಿಕೊಂಡು ಹೋಗಿ ಅವರನ್ನು ಸುತ್ತುವರಿದ. ಸೆಪ್ಟೆಂಬರ್ 4ರಂದು 859 ಜನರನ್ನು ಹೊರಡಿಸಿದರು. ಕ್ಯಾನ್ಸಸ್‌ವರೆಗೆ 660 ಮೈಲಿ, ಎರಡು ತಿಂಗಳು. ದಾರಿಯಲ್ಲಿ 40ಕ್ಕೂ ಹೆಚ್ಚು ಜನ ಸತ್ತರು, ಬಹಳಷ್ಟು ಮಕ್ಕಳು. ಇದನ್ನು "ಸಾವಿನ ದಾರಿ" ಎಂದು ಕರೆಯುತ್ತಾರೆ. ಇಲಿನಾಯ್ ಗಡಿಯವರೆಗೆ ದಂಡಿನ ಮುಂದೆ ಇದ್ದವನು ಟಿಪ್ಟನ್. ಮರುವರ್ಷ ಅವನೂ ತೀರಿಕೊಂಡ.

ಹೆಸರು ತೆಗೆದರು ಎಂದು ಮುನಿದವನ ಕಥೆ ಎಲ್ಲರಿಗೂ ಗೊತ್ತು. ಅವನ ಹೆಸರಿನ ಕೌಂಟಿ ಇದೆ, ಇದೇ ಊರಿನಲ್ಲಿ ಟಿಪ್ಟನ್ ಲೇಕ್ಸ್ ಬಡಾವಣೆ ಇದೆ, ಅಲ್ಲಿ ನಮ್ಮವರೇ ಎಷ್ಟೋ ಮನೆ. ನಾನೂ ಅಲ್ಲೇ ಇರುವುದು. ಒಂಬತ್ತು ವರ್ಷದ ಮಗುವಿಗೆ ಎಷ್ಟು ಹೇಳಬೇಕು ಎನ್ನುವುದು ನಿಮಗೆ ಬಿಟ್ಟದ್ದು. ನನ್ನ ಮಗನಿಗೆ ನಾನು ಹೇಳಿರಲಿಲ್ಲ. ಅವನೇ ದೊಡ್ಡವನಾದ ಮೇಲೆ ಓದಿಕೊಂಡು ಬಂದು "ನಿಮಗೆ ಗೊತ್ತಿತ್ತಾ?" ಎಂದು ಕೇಳಿದ.

---

ಜೋಳದರೊಟ್ಟಿ:

ಹಳಬರೇ, 1844 ಮತ್ತು 1846, ಒಪ್ಪಿದೆ. ಅದು ನನಗೆ ಹೊಳೆದಿರಲಿಲ್ಲ.

ಆದರೆ ನನ್ನ ಮಾತು ಪೂರ್ತಿ ಬಿಡುವುದಿಲ್ಲ. ರೈಲು ಬಂದ ಊರುಗಳು ಎಷ್ಟೋ ಇದ್ದವು. ಮ್ಯಾಡಿಸನ್‌ಗೇ ಮೊದಲು ಬಂದದ್ದು. ಅದು ಈಗ ಚಂದದ ಹಳೇ ಮನೆಗಳ ಸಣ್ಣ ಊರು, ವಾರಾಂತ್ಯಕ್ಕೆ ಹೋಗಿ ಐಸ್‌ಕ್ರೀಂ ತಿಂದು ಬರುತ್ತೇವೆ. ಮುಂದೆ ಬೇರೆ ದಾರಿಗಳು ಬಂದಾಗ ಅದು ಹಿಂದೆ ಬಿತ್ತು. ಕೊಲಂಬಸ್ ಬೀಳಲಿಲ್ಲ. ಯಾಕೆ? ಗಳಿಸಿದ ದುಡ್ಡು ಊರಲ್ಲೇ ಉಳಿಯಿತು.

ನಮ್ಮ ಬೆಳಗಾವಿಯಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಸೈಕಲ್ ಅಂಗಡಿ ಇಟ್ಟಿದ್ದರು. ಆಮೇಲೆ ಕಬ್ಬಿಣದ ನೇಗಿಲು ಮಾಡಿದರು. 1910ರಲ್ಲಿ ಔಂಧ್ ಸಂಸ್ಥಾನಕ್ಕೆ ಹೋಗಿ ಕಿರ್ಲೋಸ್ಕರ್‌ವಾಡಿ ಕಟ್ಟಿದರು. ಬೆಳಗಾವಿಯಲ್ಲಿ ಉಳಿದದ್ದು ಒಂದು ರಸ್ತೆಯ ಹೆಸರು! ಅವರು ಹೋಗದಿದ್ದರೆ ಏನಾಗುತ್ತಿತ್ತೋ ಎಂದು ಇವತ್ತಿಗೂ ನಮ್ಮಜ್ಜ ಹಲುಬುತ್ತಿದ್ದ ಮಾತು ನೆನಪಾಗುತ್ತದೆ. 1962ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಕಮಿನ್ಸ್ ಶುರುವಾಯಿತು, ಅಲ್ಲಿಂದಲೇ ನಮ್ಮಂಥವರು ಈ ಊರಿಗೆ ಬರುವ ದಾರಿ ತೆರೆದದ್ದು. ಹರಿಹರ, ಬೆಳಗಾವಿ ಎರಡೂ ಸುತ್ತಿ ಬಂದು ಇಲ್ಲಿ ಜಗಳ ಆಡುತ್ತಿವೆ ನೋಡಿ.

ಟಿಪ್ಟನ್ ವಿಷಯ ಗೊತ್ತಿರಲಿಲ್ಲ. ನಾನೂ ಅದೇ ಬಡಾವಣೆಯವನು.

---

ಕುಂದಾಪ್ರ ಕೂಸು:

ಇಷ್ಟೆಲ್ಲ ಬರೆದಿರಿ, ಮಗು ಏನು ನೋಡಬೇಕು ಅಂತ ಯಾರೂ ಹೇಳಲಿಲ್ಲ. ಮಿಲ್ ರೇಸ್ ಪಾರ್ಕಿಗೆ ಕರೆದುಕೊಂಡು ಹೋಗಿ. ಅಲ್ಲಿ ಒಂದು ಗೋಪುರ ಇದೆ, ಹತ್ತಿದರೆ ನದಿಗಳು ಸೇರುವ ಕಡೆ ಕಾಣುತ್ತದೆ. ಈಗಿನ ಪಾರ್ಕು 1992ರದ್ದು. ಅದಕ್ಕೂ ಮೊದಲು ಅಲ್ಲಿ ಚರ್ಮದ ಕಾರ್ಖಾನೆ, ಬಡವರ ಗುಡಿಸಲುಗಳು. ಪ್ರವಾಹ ಬಂದರೆ ಮೊದಲು ಮುಳುಗುತ್ತಿದ್ದವರು ಅವರೇ. ಊರಿನವರು ಆ ಜಾಗಕ್ಕೆ ಇಟ್ಟಿದ್ದ ಹೆಸರು "ಡೆತ್ ವ್ಯಾಲಿ".

ವಾಪಸ್ ಬರುವಾಗ ವಾಷಿಂಗ್ಟನ್ ಬೀದಿಯಲ್ಲಿ ಜಹಾರಾಕೋಸ್ ಐಸ್‌ಕ್ರೀಂ ಅಂಗಡಿ. ಗ್ರೀಸಿನಿಂದ ಬಂದ ಅಣ್ಣತಮ್ಮಂದಿರು 1900ರಲ್ಲಿ ಶುರು ಮಾಡಿದ್ದು. ಒಳಗೆ ತಾನಾಗಿಯೇ ನುಡಿಯುವ ದೊಡ್ಡ ವಾದ್ಯ ಇದೆ. ದೂರದಿಂದ ಬಂದು ಇಲ್ಲಿ ಅಂಗಡಿ ಇಟ್ಟವರೂ ಊರು ಕಟ್ಟಿದವರೇ ಅಲ್ವಾ? ಜನರಲ್, ಬ್ಯಾಂಕು ಅಂತ ಮಾತಾಡುತ್ತಾ ಅವರನ್ನು ಮರೆತಿರಿ.

---

ಶಿರಸಿಯವಳು:

ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆ ಮುಗಿಯಿತು.

ಗೋಪುರ ಹತ್ತಿದೆವು. ಫ್ಲ್ಯಾಟ್‌ರಾಕ್ ನೋಡಿ ಮಗಳು "ಇದು ನದಿನಾ? ನಮ್ಮ ಅಜ್ಜನ ತೋಟದ ಹೊಳೆ ಇದಕ್ಕಿಂತ ದೊಡ್ಡದು" ಎಂದಳು. ಹಳಬರ ನೆಲಮಾಳಿಗೆಯ ಕಥೆ ಹೇಳಿದ ಮೇಲೆ ಸುಮ್ಮನಾದಳು.

ಚಾರ್ಟ್‌ನಲ್ಲಿ ಎಡಗಡೆ ಹಂದಿಗಳು ಸಾಲಾಗಿ ಮ್ಯಾಡಿಸನ್‌ಗೆ ನಡೆಯುತ್ತಿವೆ, ಪ್ರತಿ ಹಂದಿಯ ಹೊಟ್ಟೆಯಲ್ಲಿ ಒಂದು ಜೋಳದ ತೆನೆ. ಅದು ಅವಳದೇ ಐಡಿಯಾ. ಬಲಗಡೆ ರೈಲು. ಮೇಲೆ "1818: ಲೆನಾಪೆಯವರಿಗೆ ಹೋಗಿ ಎಂದರು. 1821: ನಮ್ಮ ಊರಿಗೆ ಹೆಸರಿಟ್ಟರು" ಎಂದು ಬರೆದಳು. ಟಿಪ್ಟನ್ ಬಗ್ಗೆ ನಾನು ಎರಡು ದಿನ ಯೋಚಿಸಿ, 859 ಜನರ ವಿಷಯ ಮಾತ್ರ ಹೇಳಿದೆ, ಮಕ್ಕಳು ಸತ್ತದ್ದು ಹೇಳಲಿಲ್ಲ. ಅವಳೇ ಕೇಳಿದಳು, "ಅವರ ಜೊತೆ ನಾಲ್ಕನೇ ಕ್ಲಾಸಿನವರೂ ಇದ್ರಾ?" ಎಂದು. ಇದ್ದರು ಎಂದೆ. ಚಾರ್ಟ್‌ನ ಮೂಲೆಯಲ್ಲಿ ಸಣ್ಣ ಸಣ್ಣ ಹೆಜ್ಜೆ ಬಿಡಿಸಿದ್ದಾಳೆ.

ಕ್ಲಾಸಿಗೆ ಒಂದು ಡಬ್ಬಿ ಅವಲಕ್ಕಿ ಒಗ್ಗರಣೆ ಕಳಿಸಿದ್ದೆ, ಸೀರಿಯಲೈನ್ ಹೇಗಿರುತ್ತಿತ್ತು ಎಂದು ತೋರಿಸಲು. ಇದು ಅಕ್ಕಿಯದ್ದು, ಅದು ಜೋಳದ್ದು ಎಂದು ಅವಳು ವಿವರಿಸುವಷ್ಟರಲ್ಲಿ ಡಬ್ಬಿ ಖಾಲಿ. ಇಂಗು ಹಾಕಿರಲಿಲ್ಲ, ಕಡಲೆಬೀಜವೂ ಹಾಕಿರಲಿಲ್ಲ. ಶಾಲೆಗೆ ಮೊದಲೇ ಕೇಳಿಕೊಂಡಿದ್ದೆ.

ಹಳಬರೇ, ಯಜಮಾನರು ನಿಮ್ಮನ್ನು ಭೇಟಿಯಾಗಬೇಕಂತೆ. ಆಫೀಸಿನ ಹಳೇ ಇಟ್ಟಿಗೆ ಗೋಡೆಯ ಪಕ್ಕ ದಿನಾ ಊಟ ಮಾಡುತ್ತಿದ್ದರಂತೆ, ಅದು ಏನು ಎಂದು ಇಷ್ಟು ದಿನ ಕೇಳಿಯೇ ಇರಲಿಲ್ಲವಂತೆ. ಭಾನುವಾರ ಸಂಜೆ ಮನೆಯಲ್ಲಿ ಇರುತ್ತೀರಾ? ನಾವು ಟಿಪ್ಟನ್ ಲೇಕ್ಸ್‌ನಿಂದ ಹತ್ತು ನಿಮಿಷದ ದೂರ.

---

ಹರಿಹರದ ಹಳಬ:

ಇರುತ್ತೇವೆ, ಬನ್ನಿ. ಚಾರ್ಟ್ ಮರಳಿ ಕೊಟ್ಟಿದ್ದರೆ ಅದನ್ನೂ ತನ್ನಿ, ಆ ಹಂದಿಗಳನ್ನು ನೋಡಬೇಕು. ಬೆಳಗಾವಿಯವರೂ ಬನ್ನಿ, ಕುಂದಾ ತಂದರೆ ಜಗಳ ಮುಂದುವರಿಸಬಹುದು. ಹೆಂಡತಿ ಮಂಡಕ್ಕಿ ಮಿರ್ಚಿ ಮಾಡುತ್ತೇನೆ ಎಂದಿದ್ದಾಳೆ.